ಬೆಲುಗಾ ಟ್ಯಾಗ್ ಡೇಟಾ: ಶರತ್ಕಾಲದ ವಲಸೆ ದಿನಾಂಕ ತೆಗೆಯುವುದು ಹೇಗೆ?

ಸಾಲುನಕ್ಷೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪೂರ್ವ ಚುಕ್ಚಿ ಸಮುದ್ರದ ಬೆಲುಗಾ (ಬಿಳಿ ತಿಮಿಂಗಿಲ) ಗುಂಪಿನ ಹಳೆಯ ಆರ್ಗೋಸ್ (ಉಪಗ್ರಹದಿಂದ ಸ್ಥಾನ ಪತ್ತೆಹಚ್ಚುವ ವ್ಯವಸ್ಥೆ) ಡೇಟಾ ಇಟ್ಟುಕೊಂಡು ಪ್ರತಿ ತಿಮಿಂಗಿಲಕ್ಕೂ ಎರಡು ದಿನಾಂಕ ತೆಗೆಯಬೇಕಾಗಿದೆ: ಬೊಫೋರ್ಟ್ ಸಮುದ್ರ ಬಿಟ್ಟು ಪಶ್ಚಿಮಕ್ಕೆ ಹೊರಟ ದಿನ, ಬೇರಿಂಗ್ ಜಲಸಂಧಿ ದಾಟಿದ ದಿನ. ಟ್ಯಾಗ್ ಹಾಕಿದ್ದು ಅಲಾಸ್ಕಾದ ಪಾಯಿಂಟ್ ಲೇ ಹತ್ತಿರ, ಜುಲೈ ಮೊದಲ ವಾರದಲ್ಲಿ.

ತೊಂದರೆಗಳು ಹೀಗಿವೆ. ಕೆಲವು ಬಿಂದುಗಳು ನೆಲದ ಮೇಲೆ, ಕರಾವಳಿಯಿಂದ 30 ಕಿ.ಮೀ. ಒಳಗೆ ಬೀಳುತ್ತಿವೆ. ಸತತ ಎರಡು ಬಿಂದುಗಳ ನಡುವಿನ ವೇಗ ಲೆಕ್ಕ ಹಾಕಿದರೆ ಕೆಲವೆಡೆ ಗಂಟೆಗೆ 60 ಕಿ.ಮೀ. ಬರುತ್ತದೆ. ಒಂದು ಪ್ರಾಣಿಯದ್ದು ನವೆಂಬರ್‌ನಲ್ಲಿ ಅಲಾಸ್ಕಾದ ಉತ್ತರ ತುದಿಯ ಬ್ಯಾರೋ (ಈಗ ಉಟ್ಕಿಯಾಗ್ವಿಕ್) ಹತ್ತಿರ ಸಿಗ್ನಲ್ ನಿಂತು, 9 ದಿನ ಬಿಟ್ಟು ಜಲಸಂಧಿಯ ಬಾಯಲ್ಲಿ ಮತ್ತೆ ಬಂದಿದೆ. ಈ ಖಾಲಿ ಜಾಗದಲ್ಲಿ ದಾರಿ ಅಂದಾಜಿಸುವ ಗಣಿತ ಮಾದರಿ ರಷ್ಯಾದ ಚುಕೋಟ್ಕಾದ ನೆಲದ ಮೇಲೆ ಒಂದು ಸುತ್ತು ಹಾಕಿಸುತ್ತಿದೆ! ಇನ್ನು ಕೆಲವು ಟ್ಯಾಗ್‌ಗಳು ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಮೌನವಾಗಿವೆ. ಅವನ್ನು ಪಟ್ಟಿಯಿಂದ ಕೈಬಿಟ್ಟರೆ ನಡೆಯುತ್ತದೆಯೇ? ಇಷ್ಟೆಲ್ಲ ಒದ್ದಾಡುವ ಬದಲು ಹೈಡ್ರೋಫೋನ್ (ನೀರೊಳಗಿನ ಮೈಕ್) ದಾಖಲೆ ನೋಡುವುದೇ ವಾಸಿಯೇ?


ಧ್ರುವಬಿಂದು:

ಮೊದಲು ಬಿಂದು ಎಂದರೇನು ಎಂಬುದು ಸ್ಪಷ್ಟವಿರಲಿ. ಆರ್ಗೋಸ್ ಟ್ಯಾಗ್‌ಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಿರುವುದಿಲ್ಲ. ಅದು 401.65 ಮೆಗಾಹರ್ಟ್ಸ್‌ನಲ್ಲಿ ಒಂದು ಸೆಕೆಂಡಿಗೂ ಕಡಿಮೆ ಉದ್ದದ ಸಂದೇಶ ಕಳಿಸುತ್ತದೆ. ಮೇಲೆ ಹಾದುಹೋಗುವ ಉಪಗ್ರಹಕ್ಕೆ ಆ ಆವರ್ತನ ಎಷ್ಟು ಜರುಗಿದಂತೆ ಕೇಳಿಸಿತು ಎಂಬುದರಿಂದ, ಅಂದರೆ ಡಾಪ್ಲರ್ ಪಲ್ಲಟದಿಂದ, ಸ್ಥಾನವನ್ನು ನೆಲದ ಮೇಲೆ ಕುಳಿತು ಲೆಕ್ಕ ಹಾಕುತ್ತಾರೆ. ಒಂದು ಹಾದುಹೋಗುವಿಕೆ ಸುಮಾರು 10 ನಿಮಿಷ. ಅಷ್ಟರಲ್ಲಿ ನಾಲ್ಕು ಸಂದೇಶ ಸಿಕ್ಕರೆ ಒಳ್ಳೆಯ ಲೆಕ್ಕ. ಬೆಲುಗಾ ಬೆನ್ನು ನೀರ ಮೇಲೆ ಬರುವುದೇ ಒಂದೆರಡು ಸೆಕೆಂಡು, ಅದರ ಮೇಲೆ ಎರಡು ಸಂದೇಶಗಳ ನಡುವೆ ಸುಮಾರು 45 ಸೆಕೆಂಡಿನ ಅಂತರವೂ ಇರಬೇಕು. ಹಾಗಾಗಿ ನಿಮ್ಮ ಕಡತದಲ್ಲಿ ಎ ಮತ್ತು ಬಿ ದರ್ಜೆಯ ಬಿಂದುಗಳೇ ತುಂಬಿರುತ್ತವೆ.

ದರ್ಜೆಗಳು: 3 ಎಂದರೆ ದೋಷ 250 ಮೀಟರ್ ಒಳಗೆ, 2 ಎಂದರೆ 250–500, 1 ಎಂದರೆ 500–1500, 0 ಎಂದರೆ 1500ಕ್ಕಿಂತ ಹೆಚ್ಚು. ಎ ಮೂರೇ ಸಂದೇಶದ್ದು, ಬಿ ಒಂದೆರಡರದ್ದು. ಇವೆರಡಕ್ಕೆ ಹಳೆಯ ಲೆಕ್ಕದಲ್ಲಿ ದೋಷದ ಅಂದಾಜೇ ಇಲ್ಲ. ಜೆಡ್ (ಲೆಕ್ಕವೇ ಸರಿಬರದ ದರ್ಜೆ) ಬಂದರೆ ಯೋಚನೆಯೇ ಬೇಡ, ತೆಗೆದುಹಾಕಿ. ಎ, ಬಿ ಎರಡನ್ನೂ ಎಸೆಯುವ ಚಾಳಿ ಕೆಲವರಿಗಿದೆ. ಬೆಲುಗಾ ವಿಷಯದಲ್ಲಿ ಹಾಗೆ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನೆಲದ ಮೇಲಿನ ಬಿಂದುಗಳಿಗೆ ಎರಡು ಕಾರಣ. ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುವುದರಿಂದ ದೋಷದ ಅಂಡಾಕಾರ ಸಾಮಾನ್ಯವಾಗಿ ಪೂರ್ವ–ಪಶ್ಚಿಮವಾಗಿ ಚಾಚಿಕೊಂಡಿರುತ್ತದೆ. ಪಾಯಿಂಟ್ ಲೇ ಆಸುಪಾಸಿನಲ್ಲಿ ಕರಾವಳಿ ಉತ್ತರ–ದಕ್ಷಿಣವಾಗಿ ಓಡುವುದರಿಂದ ಆ ಚಾಚು ನೇರ ನೆಲಕ್ಕೇ ಹೋಗುತ್ತದೆ. ಎರಡನೆಯದು ಪ್ರತಿಬಿಂಬ ಸ್ಥಾನ. ಡಾಪ್ಲರ್ ಲೆಕ್ಕಕ್ಕೆ ಯಾವತ್ತೂ ಎರಡು ಉತ್ತರ, ಉಪಗ್ರಹದ ಪಥದ ಈ ಬದಿಗೊಂದು, ಆ ಬದಿಗೊಂದು. ತಪ್ಪಾದದ್ದು ಆಯ್ಕೆಯಾದರೆ ತಿಮಿಂಗಿಲ ನೂರಾರು ಕಿ.ಮೀ. ಹಾರಿ ಮುಂದಿನ ಬಿಂದುವಿಗೆ ವಾಪಸಾದಂತೆ ಕಾಣುತ್ತದೆ. ನಿಮ್ಮ 60 ಕಿ.ಮೀ. ವೇಗದ ಕೆಲವು ಅಲ್ಲಿಂದಲೇ ಬಂದಿರಬೇಕು. ಉಳಿದವು ಐದಾರು ನಿಮಿಷದ ಅಂತರದಲ್ಲಿ ಬಂದ ಎರಡು ಬಿ ಬಿಂದುಗಳು: 5 ಕಿ.ಮೀ. ದೋಷವನ್ನು 5 ನಿಮಿಷದಿಂದ ಭಾಗಿಸಿದರೆ ಗಂಟೆಗೆ 60 ಆಗದೆ ಇನ್ನೇನಾಗುತ್ತದೆ?

ಸೋಸುವ ಕ್ರಮ:

ಒಂದೇ ಸಮಯದ ಎರಡು ಸಾಲುಗಳಿದ್ದರೆ ಮೇಲಿನ ದರ್ಜೆಯದನ್ನು ಉಳಿಸಿಕೊಳ್ಳಿ. ಟ್ಯಾಗ್ ಹಾಕುವ ಮೊದಲು ದಡದಲ್ಲಿ ಪರೀಕ್ಷೆಗೆ ಚಾಲೂ ಮಾಡಿದ ಬಿಂದುಗಳು ಕಡತದಲ್ಲೇ ಉಳಿದಿರುತ್ತವೆ, ಅವನ್ನು ಮರೆಯದೆ ಕತ್ತರಿಸಿ. ಆಮೇಲೆ ವೇಗ–ಕೋನದ ಸೋಸು: ಅತಿ ವೇಗದ, ಚೂಪಾಗಿ ಹಿಂದಿರುಗುವ ಬಿಂದುಗಳನ್ನು ತೆಗೆಯುವುದು. ಬೆಲುಗಾ ಪ್ರಯಾಣ ಸಾಮಾನ್ಯವಾಗಿ ಗಂಟೆಗೆ 3–9 ಕಿ.ಮೀ. ಹಾಗಾಗಿ ಸೆಕೆಂಡಿಗೆ 3 ಮೀಟರ್ ಮಿತಿ ಇಟ್ಟರೆ ಧಾರಾಳವಾಯಿತು. ಕೋನಕ್ಕೆ 15 ಮತ್ತು 25 ಡಿಗ್ರಿ, ದೂರಕ್ಕೆ 2500 ಮತ್ತು 5000 ಮೀಟರ್ ಎಂಬ ರೂಢಿಯ ಬೆಲೆಗಳೇ ಸಾಕು. ಉಳಿದದ್ದನ್ನು ಸ್ಟೇಟ್–ಸ್ಪೇಸ್ ಮಾದರಿಗೆ (ದೋಷವಿರುವ ಬಿಂದುಗಳಿಂದ ನಿಜವಾದ ದಾರಿಯನ್ನು ಅಂದಾಜಿಸುವ ಲೆಕ್ಕಕ್ಕೆ) ಕೊಟ್ಟು 6 ಗಂಟೆಗೊಂದು ಸ್ಥಾನ ತೆಗೆಸಿ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ಅನಿಮೋಟಮ್‌ನಲ್ಲಿ ಸೋಸೂ ಮಾದರಿಯೂ ಒಟ್ಟಿಗೇ ಇವೆ. 2011ರ ನಂತರ ಕಾಲ್ಮನ್ ಎಂಬ ಹೊಸ ವಿಧಾನದಲ್ಲಿ ಲೆಕ್ಕವಾದ ಡೇಟಾ ಆದರೆ ಅಂಡಾಕಾರದ ಉದ್ದ, ಅಗಲ, ವಾಲು ಮೂರೂ ಅಂಕಣಗಳನ್ನು ಸೇರಿಸಿ ಕೊಡಿ. ಬರೀ ದರ್ಜೆ ಕೊಟ್ಟರೆ ಕೈಗೆ ಬಂದ ಮಾಹಿತಿಯನ್ನು ಚೆಲ್ಲಿದಂತೆ.

ಒಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಅಕ್ಷಾಂಶ–ರೇಖಾಂಶವನ್ನು ಹಾಗೇ ಕೊಟ್ಟರೆ ಅನಿಮೋಟಮ್ ಅದನ್ನು ಮರ್ಕೇಟರ್ ಪ್ರಕ್ಷೇಪಕ್ಕೆ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಯಾಗಿಸುವ ಒಂದು ರೀತಿಗೆ) ತಿರುಗಿಸುತ್ತದೆ. 72 ಡಿಗ್ರಿ ಉತ್ತರದಲ್ಲಿ ಮರ್ಕೇಟರ್ ದೂರವನ್ನು ಮೂರು ಪಟ್ಟಿಗೂ ಹೆಚ್ಚು ಹಿಗ್ಗಿಸುತ್ತದೆ, 80ರಲ್ಲಿ ಐದೂಮುಕ್ಕಾಲು ಪಟ್ಟು. ಈ ಗುಂಪಿನವು 80 ಡಿಗ್ರಿವರೆಗೂ ಹೋಗುವಂಥವು. 1998ರಲ್ಲಿ ಪಾಯಿಂಟ್ ಲೇ ಬಳಿ ಟ್ಯಾಗ್ ಹಾಕಿದ ಗಂಡುಗಳು ಶೇ. 90ಕ್ಕೂ ಹೆಚ್ಚು ಮಂಜುಗಡ್ಡೆ ಮುಚ್ಚಿದ ಕಡೆ ಅಷ್ಟು ಉತ್ತರಕ್ಕೆ ಹೋಗಿದ್ದವು. ಉತ್ತರಕ್ಕೆ ಹೋದಷ್ಟೂ ಪ್ರಾಣಿ ಚುರುಕಾದಂತೆ ಮಾದರಿಗೆ ಕಾಣುತ್ತದೆ. ಅದಕ್ಕೇ ಮೊದಲು 180 ಡಿಗ್ರಿ ರೇಖೆಯನ್ನು ನಡುವಿಗಿಟ್ಟ ಧ್ರುವೀಯ ಪ್ರಕ್ಷೇಪಕ್ಕೆ, ಉದಾಹರಣೆಗೆ ಇಪಿಎಸ್‌ಜಿ ಪಟ್ಟಿಯ 3571ನೇ ಸಂಖ್ಯೆಯದಕ್ಕೆ, ತಿರುಗಿಸಿ ಎಸ್‌ಎಫ್ (ಆರ್ ಭಾಷೆಯ ಭೂಸ್ಥಾನ ದತ್ತಾಂಶ) ರೂಪದಲ್ಲಿ ಕೊಡಿ. ರ‍್ಯಾಂಗಲ್ ದ್ವೀಪದ ಹತ್ತಿರ ರೇಖಾಂಶ –179ರಿಂದ +179ಕ್ಕೆ ಜಿಗಿಯುವ ಕಾಟವೂ ಅದರಿಂದಲೇ ತಪ್ಪುತ್ತದೆ.


ಕಡ್ಡಿಗೂಟ:

ಸಿಗ್ನಲ್ ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಟ್ಯಾಗ್ ಕಡೆಯಿಂದ ಉತ್ತರ.

ಬೆಲುಗಾಗೆ ಬೆನ್ನಿನ ಈಜುರೆಕ್ಕೆ ಇಲ್ಲ, ಗಟ್ಟಿಯಾದ ಒಂದು ಏಣು ಮಾತ್ರ. ಓರ್ಕಾ ತಿಮಿಂಗಿಲದ ರೆಕ್ಕೆಗೆ ಹಾಕಿದಂತೆ ಎತ್ತರದಲ್ಲಿ ಟ್ಯಾಗ್ ಕೂರಿಸಲು ಜಾಗವೇ ಇಲ್ಲ. ಪ್ರಾಣಿಯನ್ನು ಆಳವಿಲ್ಲದ ನೀರಿನಲ್ಲಿ ಬಲೆಯಿಂದ ಹಿಡಿದು, ಏಣಿನ ಅಡಿಯಲ್ಲಿ ಅಡ್ಡಡ್ಡ ತೂತು ಕೊರೆದು, ಸುಮಾರು 1 ಸೆಂ.ಮೀ. ದಪ್ಪದ ನೈಲಾನ್ ಅಥವಾ ಡೆಲ್ರಿನ್ ಕಡ್ಡಿಗಳನ್ನು ತೂರಿಸುತ್ತಾರೆ. ಕಡ್ಡಿಯ ತುದಿಗಳಿಂದ ತೆಳು ಉಕ್ಕಿನ ತಂತಿಗಳು ಟ್ಯಾಗ್‌ಗೆ ಬಂದು ಸೇರುತ್ತವೆ. ಟ್ಯಾಗ್ ಬೆನ್ನಿನ ಮೇಲೆ ಜೇಡದಂತೆ ಕಾಲು ಚಾಚಿ ಕೂರುತ್ತದೆ. ಕೊರೆದಾಗ ಬಂದ ಚರ್ಮದ ತುಂಡು ವಂಶವಾಹಿ ಪರೀಕ್ಷೆಗೆ. ಆ ಫಲಿತಾಂಶ, ಮುಖ್ಯವಾಗಿ ಗಂಡೋ ಹೆಣ್ಣೋ ಎಂಬುದು, ನಿಮ್ಮ ಕಡತದಲ್ಲಿ ಇರಲೇಬೇಕು. ಗಂಡುಗಳ ದಾರಿಯೂ ಮರಿಯಿರುವ ಹೆಣ್ಣುಗಳ ದಾರಿಯೂ ಬೇಸಿಗೆಯಲ್ಲಿ ಒಂದೇ ಅಲ್ಲ.

ಇನ್ನು ಕೆಡುವ ಬಗೆಗಳು. ಕೊನೆಯ ಎರಡು ಮೂರು ವಾರದ ಸ್ಥಿತಿ ಸಂದೇಶಗಳನ್ನು ತೆಗೆದು ಮೂರು ಸಂಖ್ಯೆ ಪಕ್ಕಪಕ್ಕ ಇಡಿ: ಬ್ಯಾಟರಿ ವೋಲ್ಟೇಜ್, ಟ್ಯಾಗ್ ಕಳಿಸಿದ ಒಟ್ಟು ಸಂದೇಶ, ಉಪಗ್ರಹಕ್ಕೆ ಮುಟ್ಟಿದ ಸಂದೇಶ.

ವೋಲ್ಟೇಜ್ ಮೆಲ್ಲಗೆ ಇಳಿಯುತ್ತಾ ಬಂದು ನಿಂತರೆ ಬ್ಯಾಟರಿ ಮುಗಿದಿದೆ. ಕೊರೆಯುವ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಕೂಡ ಪೂರ್ತಿ ಕೊಡುವುದಿಲ್ಲ.

ವೋಲ್ಟೇಜ್ ಚೆನ್ನಾಗಿದೆ, ಕಳಿಸಿದ್ದು ಅಷ್ಟೇ ಇದೆ, ಮುಟ್ಟಿದ್ದು ಮಾತ್ರ ದಿನದಿಂದ ದಿನಕ್ಕೆ ಕಡಿಮೆ ಎಂದರೆ ಟ್ಯಾಗ್ ವಾಲುತ್ತಿದೆ. ನೀರಿನ ಎಳೆತಕ್ಕೆ ಕಡ್ಡಿಗಳು ತಿಂಗಳುಗಟ್ಟಲೆ ಮಾಂಸದಲ್ಲಿ ಮೇಲ್ಮುಖವಾಗಿ ಜರುಗಿ ಕೊನೆಗೆ ಕಳಚಿಕೊಳ್ಳುತ್ತವೆ. ಕಳಚುವ ಮೊದಲು ಆಂಟೆನಾ ಪಕ್ಕಕ್ಕೆ ಮಲಗುತ್ತದೆ. ದರ್ಜೆ 1 ಮತ್ತು 2ರ ಬಿಂದುಗಳು ಮೊದಲು ಮಾಯ, ಕೊನೆಗೆ ಬಿ ಮಾತ್ರ ಉಳಿಯುತ್ತದೆ.

ಎಲ್ಲವೂ ಸರಿಯಿದ್ದು ಒಂದೇ ದಿನಕ್ಕೆ ಕತ್ತರಿಸಿದಂತೆ ನಿಂತರೆ ಆಂಟೆನಾ ಮುರಿದಿರುವುದೇ ಹೆಚ್ಚು. ಎಳೆಯ ಮಂಜನ್ನು ಬೆಲುಗಾ ಬೆನ್ನಿನಿಂದಲೇ ಎತ್ತಿ ಒಡೆದು ಉಸಿರಾಡುತ್ತದೆ. ಆ ಹೊಡೆತ ಬೀಳುವುದು ಟ್ಯಾಗ್ ಇರುವ ಜಾಗಕ್ಕೇ.

ಒಂದೇ ಜಾಗದಿಂದ ದಿನವಿಡೀ ದರ್ಜೆ 3ರ ಬಿಂದುಗಳು ಸುರಿಯಲಾರಂಭಿಸಿದರೆ ಖುಷಿಪಡಬೇಡಿ, ಟ್ಯಾಗ್ ಕಳಚಿ ದಡಕ್ಕೆ ಬಿದ್ದಿದೆ. ಆ ದಿನದಿಂದ ಮುಂದಿನದ್ದೆಲ್ಲ ಕಸ.

ಮತ್ತೆ ಬರುವ ಮೌನ ಬೇರೆ ಜಾತಿ. ಮೊದಲು ಟ್ಯಾಗ್‌ನ ವೇಳಾಪಟ್ಟಿ ನೋಡಿ. ಬ್ಯಾಟರಿ ಉಳಿಸಲು ಬೇಸಿಗೆಯಲ್ಲಿ ದಿನವೂ, ಚಳಿಗಾಲದಲ್ಲಿ ಎರಡು ಅಥವಾ ನಾಲ್ಕು ದಿನಕ್ಕೊಮ್ಮೆ ಮಾತ್ರ ಕಳಿಸುವಂತೆ ಹೊಂದಿಸಿರುತ್ತಾರೆ. 9 ದಿನದ ಖಾಲಿ ಎಂದರೆ ಒಂದೆರಡು ಸರದಿ ತಪ್ಪಿರಬಹುದು, ಅಷ್ಟೇ. ಎರಡನೆಯದಾಗಿ ಉಪ್ಪುನೀರಿನ ಸ್ವಿಚ್. ಎರಡು ಲೋಹದ ಬಿಂದುಗಳ ನಡುವೆ ಸಮುದ್ರದ ನೀರಿದ್ದರೆ ವಿದ್ಯುತ್ ಹರಿಯುತ್ತದೆ, ಟ್ಯಾಗ್ ಸುಮ್ಮನಿರುತ್ತದೆ. ಒಣಗಿದೊಡನೆ ಕಳಿಸುತ್ತದೆ. ನವೆಂಬರ್‌ನಲ್ಲಿ ಮೇಲ್ಮೈಯೆಲ್ಲ ಮಂಜಿನ ಕೆಸರು. ಪ್ರಾಣಿ ಉಸಿರು ಎಳೆದುಕೊಂಡು ಹೋದರೂ ಟ್ಯಾಗ್ ಕೆಸರಿನೊಳಗೇ ಇರುತ್ತದೆ, ಸ್ವಿಚ್ ಒದ್ದೆಯೆಂದೇ ತಿಳಿಯುತ್ತದೆ. ಹಾಗಾಗಿ ಮೌನ ಎಲ್ಲ ಕಡೆ ಸಮನಾಗಿ ಹಂಚಿಕೊಂಡಿರುವುದಿಲ್ಲ, ಮಂಜು ಕಟ್ಟುವ ಕಡೆಯೇ ಹೆಚ್ಚು. ‘ಬಿಂದು ಕಡಿಮೆ, ಆದ್ದರಿಂದ ಅಲ್ಲಿ ಬೆಲುಗಾ ಕಡಿಮೆ’ ಎಂದು ನಕ್ಷೆ ಮಾಡಿದವರು ಎಡವುವುದು ಇಲ್ಲೇ.


ಸಾಲುನಕ್ಷೆ:

ಇಬ್ಬರಿಗೂ ಧನ್ಯವಾದ. ಪ್ರಕ್ಷೇಪ ಬದಲಿಸಿ, ಪರೀಕ್ಷೆಯ ಬಿಂದುಗಳನ್ನು ಕತ್ತರಿಸಿದ ಮೇಲೆ ವೇಗದ ತೊಂದರೆ ಬಹುತೇಕ ಹೋಯಿತು. ವೇಳಾಪಟ್ಟಿ ಅಕ್ಟೋಬರ್‌ನಿಂದ ನಾಲ್ಕು ದಿನಕ್ಕೊಮ್ಮೆ ಎಂದೇ ಇದೆ. ಆದರೆ ಆ 9 ದಿನದ ಸುತ್ತು ಹಾಗೇ ಉಳಿದಿದೆ. ಜೊತೆಗೆ, ‘ಹೊರಟ ದಿನ’ ಎಂದು ಯಾವುದನ್ನು ಹಿಡಿಯುವುದು? ಸಮುದ್ರತಳದ ಬ್ಯಾರೋ ಕಣಿವೆಯ ಹತ್ತಿರ ಕೆಲವು ಪ್ರಾಣಿಗಳು ನಾಲ್ಕೈದು ಬಾರಿ ಆಚೆ ಈಚೆ ಓಡಾಡಿವೆ.


ಗಡುವುರೇಖೆ:

ಸುತ್ತು ಬರುವುದು ನೀವು ಆರಿಸಿದ ಮಾದರಿಯಿಂದ. ಹಿಂದಿನ ವೇಗವನ್ನು ಮುಂದಕ್ಕೆ ಒಯ್ಯುವ ಸಿಆರ್‌ಡಬ್ಲ್ಯೂ ಮಾದರಿಗೆ ದೊಡ್ಡ ಖಾಲಿ ಸಿಕ್ಕರೆ, ನಿಂತಾಗಿದ್ದ ದಿಕ್ಕಿನಲ್ಲೇ ಓಡಿ, ಆಮೇಲೆ ಎಚ್ಚೆತ್ತು ತಿರುಗಿಕೊಂಡು ಬರುತ್ತದೆ. ಅದೇ ಪ್ರಾಣಿಗೆ ಆರ್‌ಡಬ್ಲ್ಯೂ (ಹಿಂದಿನ ವೇಗವನ್ನು ಒಯ್ಯದ ಮಾದರಿ) ಹಾಕಿ ನೋಡಿ, ಗೆರೆ ನೇರವಾಗುತ್ತದೆ. ಆದರೆ ನೇರ ಗೆರೆಯೂ ನಿಜವಾದ ದಾರಿಯಲ್ಲ. ಎರಡು ದಿನಕ್ಕಿಂತ ದೊಡ್ಡ ಖಾಲಿ ಬಂದಲ್ಲಿ ಅಂದಾಜು ಸ್ಥಾನಗಳನ್ನು ಅಳಿಸಿ, ನಕ್ಷೆಯಲ್ಲಿ ಚುಕ್ಕಿಗೆರೆ ಹಾಕಿ. ನಾಲ್ಕು ದಿನಕ್ಕೊಮ್ಮೆಯ ವೇಳಾಪಟ್ಟಿಯ ಭಾಗಕ್ಕೆ 6 ಗಂಟೆಯ ಹೆಜ್ಜೆ ಅರ್ಥವಿಲ್ಲದ್ದು, ಅಲ್ಲಿ ದಿನಕ್ಕೊಂದು ಸ್ಥಾನ ಸಾಕು. ನೆಲವನ್ನು ತಪ್ಪಿಸಿ ಗೆರೆ ತಿರುಗಿಸುವ ಪಾತ್‌ರೌಟರ್ ಇದೆ, ಚಿತ್ರಕ್ಕೆ ಚೆಂದ. ದಿನಾಂಕ ತೆಗೆಯಲು ಅದನ್ನು ನೆಚ್ಚಬೇಡಿ.

ಆ 9 ದಿನವನ್ನೇ ಕೈಲೆಕ್ಕದಲ್ಲಿ ನೋಡೋಣ. ಬ್ಯಾರೋ ಮೂಲೆಯಿಂದ ಜಲಸಂಧಿಗೆ ನೇರ ದೂರ ಸುಮಾರು 810 ಕಿ.ಮೀ. 9 ದಿನಕ್ಕೆ ಹಂಚಿದರೆ ದಿನಕ್ಕೆ 90, ಗಂಟೆಗೆ 3.75. ಬೆಲುಗಾ ಆರಾಮವಾಗಿ ಸಾಗುವ ವೇಗ ಅದು. ಬದಲಿಗೆ ರ‍್ಯಾಂಗಲ್ ದ್ವೀಪದ ಕಡೆ ಹೋಗಿ, ಚುಕೋಟ್ಕಾ ಕರಾವಳಿ ಹಿಡಿದು ಇಳಿಯಿತು ಎಂದುಕೊಂಡರೆ ಹತ್ತಿರ ಹತ್ತಿರ 1600 ಕಿ.ಮೀ. ಆಗುತ್ತದೆ. ಹಗಲೂ ರಾತ್ರಿ ಗಂಟೆಗೆ 7ಕ್ಕೂ ಹೆಚ್ಚು, ಎಲ್ಲೂ ಮೇಯದೆ, 9 ದಿನ. ಅಸಾಧ್ಯವಲ್ಲ, ಆದರೆ ನಂಬುವುದು ಕಷ್ಟ. ಯಾವ ದಾರಿ ಎಂದು ಗೊತ್ತಾಗದಿದ್ದರೂ ಯಾವುದು ಅಲ್ಲ ಎಂದು ಹೇಳಲು ಇಷ್ಟು ಸಾಕು.

ಹೊರಟ ದಿನಕ್ಕೆ ಒಂದು ಗೆರೆ ಗೊತ್ತುಮಾಡಿ, 157 ಡಿಗ್ರಿ ಪಶ್ಚಿಮ ಅನುಕೂಲ. ಆ ಋತುವಿನಲ್ಲಿ ಅದನ್ನು ಪಶ್ಚಿಮಕ್ಕೆ ದಾಟಿ ಮತ್ತೆ ಪೂರ್ವಕ್ಕೆ ಮರಳದ ಕೊನೆಯ ದಾಟುವಿಕೆಯೇ ಹೊರಟ ದಿನ. ಬ್ಯಾರೋ ಕಣಿವೆ ಈ ಗುಂಪಿಗೆ ಮೇವಿನ ಜಾಗ, ಆಚೀಚೆ ಓಡಾಟ ಅಲ್ಲಿ ಸಹಜ. ಮೊದಲ ದಾಟುವಿಕೆಯನ್ನು ಹಿಡಿದರೆ ಮೇಯಲು ಬಂದದ್ದನ್ನೇ ವಲಸೆ ಎಂದಂತಾಗುತ್ತದೆ. ಜಲಸಂಧಿಗೆ 65.7 ಡಿಗ್ರಿ ಉತ್ತರದ ಗೆರೆ. ಅಲ್ಲಿ ಪ್ರಾಣಿ ಗೆರೆಗೆ ಹೆಚ್ಚುಕಡಿಮೆ ಲಂಬವಾಗಿ ಸಾಗುವುದರಿಂದ 10 ಕಿ.ಮೀ. ದೋಷವಿದ್ದರೂ ಎರಡು ಮೂರು ಗಂಟೆಯ ವ್ಯತ್ಯಾಸ, ದಿನಾಂಕ ಕೆಡುವುದಿಲ್ಲ. 157ರಲ್ಲಿ ಈ ಭಾಗ್ಯವಿಲ್ಲ: ದೋಷ ಚಾಚುವುದೂ ಪೂರ್ವ–ಪಶ್ಚಿಮ, ದಾಟುವುದೂ ಪೂರ್ವ–ಪಶ್ಚಿಮ. ಗೆರೆಯ ಎರಡೂ ಬದಿಗೆ 20 ಕಿ.ಮೀ. ಪಟ್ಟಿ ಬಿಟ್ಟು, ಅದನ್ನು ಪೂರ್ತಿ ದಾಟಿದ ಮೇಲೆಯೇ ದಾಟಿತು ಎನ್ನಿ.

ಈಗ ಮುಖ್ಯ ಮಾತು. ಅಕ್ಟೋಬರ್‌ನಲ್ಲಿ ನಿಂತ ಟ್ಯಾಗ್‌ಗಳನ್ನು ಕೈಬಿಡಬೇಡಿ, ದಯವಿಟ್ಟು. ಜುಲೈಯಲ್ಲಿ ಹಾಕಿದ ಟ್ಯಾಗ್ ನವೆಂಬರ್‌ವರೆಗೆ ಉಳಿಯುವುದೇ ಕಷ್ಟ. ಬೇಗ ಹೊರಟ ಪ್ರಾಣಿಯ ದಾಟುವಿಕೆ ದಾಖಲಾಗುವ ಸಾಧ್ಯತೆ ಹೆಚ್ಚು, ತಡವಾಗಿ ಹೊರಡುವುದರ ಟ್ಯಾಗ್ ಅಷ್ಟರಲ್ಲಿ ಸತ್ತಿರುತ್ತದೆ. ದಾಟಿದವನ್ನಷ್ಟೇ ಸರಾಸರಿ ಹಾಕಿದರೆ ದಿನಾಂಕ ಬೇಗದ ಕಡೆಗೆ ವಾಲುತ್ತದೆ. ಬದಲಿಗೆ ಪ್ರತಿ ಪ್ರಾಣಿಗೂ ಎರಡು ಅಂಕಣ ಇಡಿ: ದಾಟಿದ ದಿನ (ದಾಟದಿದ್ದರೆ ಕೊನೆಯದಾಗಿ ಗೊತ್ತಿರುವ ದಿನ), ದಾಟಿತೇ ಇಲ್ಲವೇ (1 ಅಥವಾ 0). ದಾಟದೆ ಮೌನವಾದದ್ದು ‘ಇಷ್ಟು ದಿನದವರೆಗೆ ಇನ್ನೂ ಹೊರಟಿರಲಿಲ್ಲ’ ಎಂಬ ಮಾಹಿತಿ ಕೊಡುತ್ತದೆ. ಕಪ್ಲಾನ್–ಮೇಯರ್ ವಕ್ರರೇಖೆಗೆ (ಇನ್ನೂ ದಾಟದವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನಕ್ಕೆ) ಇದನ್ನು ಕೊಟ್ಟು, ಅರ್ಧ ಗುಂಪು ದಾಟಿದ ದಿನವನ್ನು ಓದಿಕೊಳ್ಳಿ. ಖಾಲಿ ಅವಧಿಯ ನಡುವೆ ದಾಟಿದವಕ್ಕೆ ಒಂದೇ ದಿನ ಕೊಡದೆ ‘ಈ ದಿನದಿಂದ ಆ ದಿನದೊಳಗೆ’ ಎಂದು ಅವಧಿಯನ್ನೇ ಕೊಡಿ. ಆರ್ ಭಾಷೆಯ ಸರ್ವೈವಲ್ ಪ್ಯಾಕೇಜ್ ಅದನ್ನೂ ಒಪ್ಪುತ್ತದೆ.

ಇದು ಬರೀ ಸಂಖ್ಯಾಶಾಸ್ತ್ರದ ಮಡಿವಂತಿಕೆ ಅಲ್ಲ. 1993–2002 ಮತ್ತು 2004–2012ರ ಟ್ಯಾಗ್‌ಗಳನ್ನು ಹೋಲಿಸಿದ ಅಧ್ಯಯನ 2017ರಲ್ಲಿ ಬಂತು. ಮಂಜು ತಡವಾಗಿ ಕಟ್ಟುತ್ತಿರುವುದರ ಜೊತೆಗೆ ಚುಕ್ಚಿ ಗುಂಪಿನ ಶರತ್ಕಾಲದ ವಲಸೆಯೂ ಎರಡು ವಾರಕ್ಕೂ ಹೆಚ್ಚು ತಡವಾಗಿದೆ, ಪಕ್ಕದ ಬೊಫೋರ್ಟ್ ಬೆಲುಗಾ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನೀವು ಹುಡುಕುತ್ತಿರುವುದೂ ವಾರಗಳ ಲೆಕ್ಕದ ಪಲ್ಲಟವನ್ನೇ. ಟ್ಯಾಗ್ ಆಯುಷ್ಯದ ವಾಲಿಕೆಯೂ ಅಷ್ಟೇ ದೊಡ್ಡದಿದ್ದರೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.


ತಳದಕಿವಿ:

ಹೈಡ್ರೋಫೋನ್ ವಿಷಯ. ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಟ್ಯಾಗ್ ‘ಈ ಪ್ರಾಣಿ ಎಲ್ಲಿ’ ಎನ್ನುತ್ತದೆ, ಹೈಡ್ರೋಫೋನ್ ‘ಈ ಜಾಗದಲ್ಲಿ ಈ ದಿನ ಬೆಲುಗಾ ಕೂಗಿತೇ’ ಎನ್ನುತ್ತದೆ. ಮಂಜು ಮುಚ್ಚಿದರೂ ಕೇಳುತ್ತಲೇ ಇರುತ್ತದೆ, ಅದೊಂದು ದೊಡ್ಡ ಲಾಭ. ಆದರೆ ಶರತ್ಕಾಲದಲ್ಲಿ ಬ್ಯಾರೋ ಹತ್ತಿರ ಚುಕ್ಚಿ ಗುಂಪೂ ಬೊಫೋರ್ಟ್ ಗುಂಪೂ ಹಾದುಹೋಗುತ್ತವೆ. ಕೂಗಿನಿಂದ ಯಾವ ಗುಂಪಿನದು ಎಂದು ಬೇರ್ಪಡಿಸುವಂತಿಲ್ಲ. ನಿಮ್ಮ ಎರಡು ದಿನಾಂಕ ಅದರಿಂದ ನೇರವಾಗಿ ಸಿಗಲಾರದು. ಟ್ಯಾಗ್‌ನಿಂದ ಬಂದ ದಿನಾಂಕಕ್ಕೆ ತಾಳೆ ನೋಡಲು ಮಾತ್ರ ಬಳಸಿ.

ಹಳೆಯ ದಾಖಲೆ ತೆರೆಯುವ ಮೊದಲು ಮಾದರಿ ದರ (ಸೆಕೆಂಡಿಗೆ ಎಷ್ಟು ಬಾರಿ ಸದ್ದನ್ನು ಅಳೆದಿದೆ ಎಂಬುದು) ನೋಡಿ. ಬೆಲುಗಾ ಸಿಳ್ಳೆ, ಕೂಗು ಹೆಚ್ಚಿನವು 20 ಕಿಲೋಹರ್ಟ್ಸ್ ಒಳಗೆ, ಬೇಟೆಯ ಕ್ಲಿಕ್‌ಗಳು 40ರಿಂದ 120ರವರೆಗೆ. ದರ 48 ಕಿಲೋಹರ್ಟ್ಸ್ ಆದರೆ 24ರವರೆಗೆ ಮಾತ್ರ ದಾಖಲಾಗುತ್ತದೆ: ಕೂಗು ಸಿಗುತ್ತದೆ, ಕ್ಲಿಕ್ ಸಿಗುವುದಿಲ್ಲ. ಬೋಹೆಡ್ ತಿಮಿಂಗಿಲಕ್ಕಾಗಿ ಕಡಿಮೆ ದರದಲ್ಲಿ ಇಳಿಸಿದ ಉಪಕರಣದ ಡೇಟಾದಲ್ಲಿ ‘ಬೆಲುಗಾ ಇಲ್ಲ’ ಎಂದು ಬರೆಯುವುದಕ್ಕೆ ಅರ್ಥವೇ ಇಲ್ಲ. 48ರಲ್ಲಿ, 16 ಬಿಟ್‌ನಲ್ಲಿ ಬಿಡದೆ ದಾಖಲಿಸಿದರೆ ದಿನಕ್ಕೆ 8.3 ಗಿಗಾಬೈಟ್, ವರ್ಷಕ್ಕೆ 3 ಟೆರಾಬೈಟ್. ಅದಕ್ಕೇ ಗಂಟೆಗೆ 20 ನಿಮಿಷ ಎಂಬಂತೆ ಹೊಂದಿಸುತ್ತಾರೆ, ಒಂದು ಟೆರಾಬೈಟ್‌ಗೆ ಇಳಿಯುತ್ತದೆ. ಬೇಗ ದಾಟಿಹೋಗುವ ಸಣ್ಣ ಹಿಂಡು ಆ ಉಳಿದ 40 ನಿಮಿಷದಲ್ಲಿ ತಪ್ಪಿಹೋಗಬಹುದು. ಹಾಗಾಗಿ ಗಂಟೆಯ ಎಣಿಕೆ ಬಿಟ್ಟು ದಿನದ ಹಾಜರಿ ಮಾತ್ರ ತೆಗೆದುಕೊಳ್ಳಿ.

ಇನ್ನೊಂದು, ಮಂಜು ಒತ್ತಿಕೊಂಡು ಕಿರುಗುಟ್ಟುವ ಸದ್ದನ್ನು ತಂತ್ರಾಂಶ ಬೆಲುಗಾ ಎಂದು ಎಣಿಸುತ್ತದೆ. ಪ್ರತಿ ತಿಂಗಳ ಕೆಲವು ಕಡತಗಳನ್ನಾದರೂ ಕಿವಿಯಿಂದ ಕೇಳಿ, ಸ್ಪೆಕ್ಟ್ರೋಗ್ರಾಮ್ (ಸದ್ದಿನ ಚಿತ್ರ) ಕಣ್ಣಾರೆ ನೋಡಿ. ಓರ್ಕಾ ಹತ್ತಿರ ಇದ್ದಾಗ ಬೆಲುಗಾ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದೂ ನೆನಪಿರಲಿ.


ಬಿಳಿಪಿಕ್ಸೆಲ್:

ಯಾರೂ ಕೇಳಿಲ್ಲ, ಆದರೂ ಮುಂದೆ ಬಂದೇ ಬರುವ ಪ್ರಶ್ನೆ: ಉಪಗ್ರಹ ಚಿತ್ರದಲ್ಲಿ ನೇರವಾಗಿ ಎಣಿಸಬಹುದಲ್ಲ? ವಲಸೆಗೆ ಅಲ್ಲ. ಒಂದು ಪಿಕ್ಸೆಲ್ 31 ಸೆಂ.ಮೀ. ಇರುವ ಚಿತ್ರದಲ್ಲಿ 4 ಮೀಟರ್ ಬೆಲುಗಾ 13 ಪಿಕ್ಸೆಲ್ ಉದ್ದ, ಎರಡು ಮೂರು ಪಿಕ್ಸೆಲ್ ಅಗಲ. ತೇಲುವ ಮಂಜಿನ ಚೂರೂ ಹಾಗೇ, ನೊರೆಯೂ ಹಾಗೇ. ಬೂದು ಮರಿಗಳಂತೂ ಕಾಣುವುದೇ ಇಲ್ಲ. ಬೇಸಿಗೆಯಲ್ಲಿ ತಿಳಿನೀರಿನ ಕೊಲ್ಲಿಯಲ್ಲಿ ಗುಂಪು ಸೇರಿದಾಗ ಎಣಿಕೆಗೆ ಆಗುತ್ತದೆ, ಮೆಕೆಂಜಿ ನದಿಮುಖದ ಕೆಸರುನೀರಿನಲ್ಲಿ ಅದೂ ಕಷ್ಟ. ನವೆಂಬರ್‌ನಲ್ಲಿ ಬ್ಯಾರೋ ಕಡೆ ಬೆಳಕೂ ತೀರ ಕಡಿಮೆ.


ಸಾಲುನಕ್ಷೆ:

ಕೊನೆಯದೊಂದು. ದಿನಾಂಕಗಳನ್ನು ಮಂಜು ಕಟ್ಟಿದ ದಿನಕ್ಕೆ ಹೋಲಿಸಬೇಕು. 25 ಕಿ.ಮೀ. ಚೌಕಗಳ ಜಾಲರಿಯ ಉಪಗ್ರಹ ಡೇಟಾ ಸಾಕೇ, 6.25 ಕಿ.ಮೀ.ದು ಬೇಕೇ?


ಧ್ರುವಬಿಂದು:

6.25ರದ್ದು 2002ರಿಂದ ಈಚೆಗೆ ಮಾತ್ರ. ನಿಮ್ಮ ಟ್ಯಾಗ್‌ಗಳು ಅದಕ್ಕೂ ಹಿಂದಿನವಾದರೆ ಎಲ್ಲಕ್ಕೂ 25ರದ್ದೇ ಬಳಸಿ, ಎರಡನ್ನೂ ಬೆರೆಸಬೇಡಿ. ಬೆರೆಸಿದರೆ ಉಪಕರಣ ಬದಲಾದದ್ದೇ ಹವಾಮಾನ ಬದಲಾದಂತೆ ಕಾಣುತ್ತದೆ. ಕರಾವಳಿಗೆ ಅಂಟಿದ ಒಂದೆರಡು ಚೌಕಗಳನ್ನು ಬಿಡಿ, ನೆಲದ ಸಿಗ್ನಲ್ ಸೋರಿ ಬೇಸಿಗೆಯಲ್ಲೂ ಅಲ್ಲಿ ಸುಳ್ಳು ಮಂಜು ತೋರುತ್ತದೆ. ಮಂಜು ಕಟ್ಟಿದ ದಿನಕ್ಕೆ ಒಂದು ದಿನದ ಬೆಲೆ ನೋಡದೆ, ಆ ಪ್ರದೇಶದ ಸರಾಸರಿ ಮಂಜು ಒಂದು ಮಿತಿಯನ್ನು ದಾಟಿ ಸತತ ಐದು ದಿನ ಮೇಲೇ ಉಳಿದ ಮೊದಲ ದಿನ ಎಂದಿಟ್ಟುಕೊಳ್ಳಿ. ಮಿತಿಯನ್ನು ಶೇ. 15, 30, 50 ಮೂರಕ್ಕೂ ಹಾಕಿ ನೋಡಿ, ಫಲಿತಾಂಶ ಒಂದರಲ್ಲಿ ಮಾತ್ರ ನಿಂತರೆ ಅನುಮಾನಪಡಿ.

ಚೌಕದಲ್ಲಿ ಶೇ. 95 ಎಂದಿದ್ದರೂ ಪ್ರಾಣಿಗೆ ಉಸಿರಾಡಲು ಜಾಗವಿಲ್ಲ ಎಂದಲ್ಲ. 25 ಕಿ.ಮೀ. ಚೌಕದ ಉಳಿದ ಶೇ. 5 ಎಂದರೆ 31 ಚದರ ಕಿ.ಮೀ. ತೆರೆದ ನೀರು, ಬಿರುಕುಗಳಲ್ಲಿ ಹಂಚಿಹೋಗಿರುತ್ತದೆ. ಆ ಚೌಕದಲ್ಲಿ ಬಿಂದು ಬಂದರೆ ದೋಷವೆಂದು ಅಳಿಸಬೇಡಿ.